ಕನ್ನಡ ಫೋರಂ ಒಂದನ್ನು ಸ್ಥಿರ ತಾಣವಾಗಿಸಿದ ಮೇಲೆ ಕೆಟ್ಟದ್ದೆಲ್ಲಿ? ದೋಷ ನಿವಾರಣೆ ಕೈಪಿಡಿ

2000ದ ದಶಕದಲ್ಲಿ ಶುರುವಾಗಿ, ಕೆಲವು ವರ್ಷ ಜೋರಾಗಿ ನಡೆದು, ಜನರೆಲ್ಲ ವಾಟ್ಸಾಪ್ ಗುಂಪುಗಳಿಗೆ ಹೊರಟುಹೋದ ಮೇಲೆ ಸುಮ್ಮನೆ ನಿಂತಿರುವ ಪಿಎಚ್‌ಪಿಬಿಬಿ (ಚರ್ಚಾವೇದಿಕೆ ನಡೆಸುವ ಒಂದು ತಂತ್ರಾಂಶ) ಫೋರಂಗಳನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಅಲ್ಲಿ ಹೊಸ ಬರಹ ಬರುವುದಿಲ್ಲ, ಸ್ಪ್ಯಾಮ್ ಮಾತ್ರ ಬರುತ್ತದೆ. ಅದು ಓಡಲು ಬೇಕಾದ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆ ಆವೃತ್ತಿಗೆ ಯಾರೂ ರಿಪೇರಿ ಮಾಡುವುದಿಲ್ಲ. ಹಾಗೆಂದು ಅಳಿಸಿಬಿಡಲು ಮನಸ್ಸಿಲ್ಲ, ಅಡುಗೆಯಿಂದ ಅಡಿಕೆ ರೋಗದವರೆಗೆ ನೂರಾರು ಜನ ಬರೆದದ್ದು ಅಲ್ಲಿದೆ. ಆದ್ದರಿಂದ ವಿಗೆಟ್ ಎಂಬ, ಜಾಲಪುಟ ಇಳಿಸಿಕೊಳ್ಳುವ ಕಮಾಂಡ್ ಓಡಿಸಿ ಪುಟಗಳನ್ನೆಲ್ಲ ಎಚ್‌ಟಿಎಂಎಲ್ ಫೈಲುಗಳಾಗಿ ಇಳಿಸಿಕೊಂಡು, ಓದಲು ಮಾತ್ರ ಆಗುವಂತೆ ಇಟ್ಟುಬಿಡುತ್ತೇವೆ. ಇದೇ ಸ್ಥಿರ ತಾಣ: ಡೇಟಾಬೇಸ್ ಬೇಡ, ಪಿಎಚ್‌ಪಿ ಬೇಡ, ತಿಂಗಳ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಇಳಿಸುವುದು ಹೇಗೆಂದು ಕಲಿಸುವ ಬರಹಗಳು ಬೇಕಾದಷ್ಟಿವೆ. ಇಳಿಸಿ ಮುಗಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಿದಾಗ ಎಲ್ಲಿ ಕೈ ಹಾಕಬೇಕು ಎನ್ನುವುದಷ್ಟೇ ಇಲ್ಲಿನ ವಿಷಯ. ಕಮಾಂಡುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಒಂದು ಕ್ರಮ. ಒಂದು ಬರಹ ಡೇಟಾಬೇಸಿನಿಂದ ಓದುಗರ ಕಣ್ಣಿಗೆ ಬರುವಷ್ಟರಲ್ಲಿ ನಾಲ್ಕು ಕಡೆ ನಿಲ್ಲುತ್ತದೆ: ಡೇಟಾಬೇಸಿನ ಸಾಲು, ಫೋರಂ ತಂತ್ರಾಂಶ ಕಟ್ಟಿಕೊಡುವ ಪುಟ, ವಿಗೆಟ್ ಉಳಿಸಿದ ಫೈಲು, ಹೊಸ ಸರ್ವರ್ ಬಡಿಸುವ ಪುಟ. ದೋಷ ಕಂಡದ್ದು ನಾಲ್ಕನೆಯದರಲ್ಲಿ ಎಂದು ಅಲ್ಲೇ ರಿಪೇರಿಗೆ ಕೂತರೆ ಕೆಲಸ ಕೆಡುತ್ತದೆ. ಹಿಂದೆ ಹಿಂದೆ ಹೋಗಿ, ಮೊತ್ತಮೊದಲು ಎಲ್ಲಿ ಕೆಟ್ಟಿದೆಯೋ ಅಲ್ಲಿ ಸರಿಪಡಿಸಿ, ಅಲ್ಲಿಂದ ಮುಂದಿನದನ್ನು ಮತ್ತೊಮ್ಮೆ ಓಡಿಸಿ. ಉಳಿಸಿದ ಐವತ್ತು ಸಾವಿರ ಫೈಲುಗಳ ಮೇಲೆ ಹುಡುಕು-ಬದಲಿಸು ಓಡಿಸುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಉಪಾಯ. ಈ ಕಾರಣಕ್ಕೇ ಪ್ರತಿ ಸಿದ್ಧವಾಯಿತೆಂದು ಹಳೆಯ ಡೇಟಾಬೇಸ್ ಮುಚ್ಚಬಾರದು, ಅದು ಹೋದರೆ ಹಿಂದೆ ಹೋಗಿ ನೋಡಲು ಜಾಗವೇ ಇರುವುದಿಲ್ಲ.

ಎಲ್ಲ ಸರಿಯಾಗಿಯೇ ಕಾಣುತ್ತಿದೆ. ನಿಜವಾಗಿಯೂ ಸರಿಯಿದೆಯೇ?

ಹಳೆಯ ತಾಣ ಇನ್ನೂ ಜೀವಂತವಾಗಿರುವಾಗ ಮಾಡುವ ಪರೀಕ್ಷೆಯನ್ನು ನಂಬಬೇಡಿ. ಪ್ರತಿಯ ಮುಖಪುಟ ತೆರೆದು ಒಂದು ವಿಷಯದ ಮೇಲೆ ಒತ್ತುತ್ತೀರಿ, ಪುಟ ಬರುತ್ತದೆ, ಚಿತ್ರವೂ ಬರುತ್ತದೆ. ಆದರೆ ಬಂದದ್ದು ಹಳೆಯ ಸರ್ವರಿನಿಂದ. ವಿಳಾಸ ಪಟ್ಟಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಚಿತ್ರಗಳ ವಿಷಯದಲ್ಲಂತೂ ವಿಳಾಸ ಪಟ್ಟಿ ನೋಡಿದರೂ ಗೊತ್ತಾಗದು.

ಪರೀಕ್ಷಿಸುವ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಯಾವ ಡೊಮೇನ್ ಹೆಸರು ಯಾವ ಐಪಿ ವಿಳಾಸಕ್ಕೆ ಎಂದು ಹೇಳುವ ಫೈಲು) ಹಳೆಯ ಡೊಮೇನಿನ ಎದುರು 127.0.0.1 ಎಂದು ಬರೆಯಿರಿ. ಈಗ ಆ ಹೆಸರಿಗೆ ಹೋಗುವ ಪ್ರತಿ ಕೋರಿಕೆಯೂ ನಿಮ್ಮ ಕಂಪ್ಯೂಟರಿಗೇ ಬಂದು ಸೋಲುತ್ತದೆ. ಬ್ರೌಸರಿನ ಕ್ಯಾಶ್ ಅಳಿಸಿ ಪ್ರತಿಯನ್ನು ಮತ್ತೆ ತೆರೆಯಿರಿ, ಎಷ್ಟು ಉಳಿಯುತ್ತದೆ ನೋಡಿ.

ಬಹುಪಾಲು ಕೊಂಡಿಗಳು ಹಳೆಯ ಡೊಮೇನಿಗೇ ಹೋಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ. ವಿಗೆಟ್‌ನ ‘ಕನ್ವರ್ಟ್-ಲಿಂಕ್ಸ್’ ಆಯ್ಕೆ ಕೊಂಡಿಗಳನ್ನು ಬದಲಿಸುವುದು ಇಳಿಸುವ ಕೆಲಸವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಎರಡು ದಿನ ಓಡುವ ಕೆಲಸ ಮಧ್ಯದಲ್ಲಿ ಕರೆಂಟ್ ಹೋಗಿಯೋ ಎಸ್‌ಎಸ್‌ಎಚ್ ಸಂಪರ್ಕ ಕಡಿದೋ ನಿಂತರೆ, ಫೈಲುಗಳೆಲ್ಲ ಇರುತ್ತವೆ, ಒಂದು ಕೊಂಡಿಯೂ ಬದಲಾಗಿರುವುದಿಲ್ಲ. ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ಸ್ಕ್ರೀನ್ ಅಥವಾ ಟಿಮಕ್ಸ್ ಒಳಗೆ ಓಡಿಸಿ, ಲಾಗ್ ಫೈಲಿನ ಕೊನೆಯಲ್ಲಿ ಇಷ್ಟು ಫೈಲುಗಳ ಕೊಂಡಿ ಬದಲಾಯಿತು ಎನ್ನುವ ಸಾಲು ಇದೆಯೇ ನೋಡಿ. ಅದಿಲ್ಲದಿದ್ದರೆ ಕೆಲಸ ಮುಗಿದಿಲ್ಲ.

ಕನ್ನಡದ ಬದಲು ಬೇರೇನೋ ಕಾಣುತ್ತಿದೆ

ಅಕ್ಷರ ಕೆಟ್ಟಿದೆ ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ. ಕೆಟ್ಟದ್ದು ಕಾಣುವ ಬಗೆ ಮಾತ್ರ ನಾಲ್ಕು, ಒಂದರ ಮದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ಯಾವ ಬಗೆ ಎಂದು ಮೊದಲು ಗುರುತಿಸಿ.

ಯುನಿಕೋಡ್ ಎಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ, ಯುಟಿಎಫ್-8 ಆ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ ವಿಧಾನ. ಅದರಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್: ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ಇ0, ಬಿ2, 95. ಕನ್ನಡದ ಎಲ್ಲ ಸಂಕೇತಗಳೂ ಇ0 ಇಂದ ಶುರುವಾಗಿ, ಎರಡನೆಯ ಬೈಟ್ ಬಿ2 ಅಥವಾ ಬಿ3 ಆಗಿರುತ್ತದೆ. ಈ ಬೈಟುಗಳನ್ನು ಹಳೆಯ ಪಾಶ್ಚಾತ್ಯ ಕೋಷ್ಟಕದ ಪ್ರಕಾರ, ಅಂದರೆ ಲ್ಯಾಟಿನ್-1 ಅಥವಾ ವಿಂಡೋಸ್-1252 ಪ್ರಕಾರ ಓದಿದರೆ ಇ0 ಎನ್ನುವುದು ತಲೆಯ ಮೇಲೆ ಓರೆಗೆರೆ ಇರುವ ಸಣ್ಣ ‘ಎ’ ಆಗುತ್ತದೆ, ಬಿ2 ಮತ್ತು ಬಿ3 ಮೇಲಕ್ಕೇರಿದ ಪುಟ್ಟ 2, ಪುಟ್ಟ 3 ಆಗುತ್ತವೆ. ಹಾಗಾಗಿ ಪುಟದ ತುಂಬ ಓರೆಗೆರೆಯ ‘ಎ’, ಅದರ ಪಕ್ಕದಲ್ಲಿ ಪುಟ್ಟ 2 ಅಥವಾ 3 ಕಂಡರೆ ಅದು ಮೊದಲನೆಯ ಬಗೆ. ಒಳಗಿನ ಕನ್ನಡ ಬಹುಮಟ್ಟಿಗೆ ಸುರಕ್ಷಿತ, ಓದುವ ಕೋಷ್ಟಕ ತಪ್ಪಿದೆ.

ಎರಡನೆಯದರಲ್ಲಿ &#3221; ಎಂಬಂಥ ಸಂಖ್ಯೆಗಳ ಸಾಲು ಕಾಣುತ್ತದೆ. 3221 ಎಂದರೆ ‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ. ಇದು 2002ರ ಪಿಎಚ್‌ಪಿಬಿಬಿ 2 ಕಾಲದ ಗುರುತು. ಆಗಿನ ಪುಟಗಳು ತಾವು ಲ್ಯಾಟಿನ್-1 ಎಂದು ಘೋಷಿಸಿಕೊಳ್ಳುತ್ತಿದ್ದವು. ಆ ಕೋಷ್ಟಕದಲ್ಲಿಲ್ಲದ ಅಕ್ಷರ ಟೈಪ್ ಮಾಡಿದರೆ ಬ್ರೌಸರ್ ಅದನ್ನು ಹೀಗೆ ಸಂಖ್ಯೆ ಮಾಡಿ ಕಳಿಸುತ್ತಿತ್ತು. ಒಂದು ಅಕ್ಷರಕ್ಕೆ ಏಳು ಜಾಗ ಬೇಕಾದ್ದರಿಂದ, 60ಕ್ಕೆ ಮಿತಿಗೊಂಡ ಶೀರ್ಷಿಕೆಗಳು ಎಂಟೊಂಬತ್ತು ಸಂಕೇತಕ್ಕೇ ತುಂಡಾಗಿರುತ್ತವೆ. ತುಂಡಾದ ಭಾಗ ಡೇಟಾಬೇಸಿನಲ್ಲೇ ಇಲ್ಲ, ಹುಡುಕಬೇಡಿ. ಉಳಿದದ್ದು ಸುಲಭ. 2007ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿಬಿಬಿ 3 ಯುಟಿಎಫ್-8ಕ್ಕೆ ಬದಲಾಯಿತು. ಆವೃತ್ತಿ ಏರಿಸುವಾಗ & ಚಿಹ್ನೆ ಇನ್ನೊಮ್ಮೆ ಸಂಕೇತವಾಗಿ, ಅದರ ಪಕ್ಕ ‘ಎಎಂಪಿ’ ಸೇರಿಕೊಂಡಿದ್ದರೆ ಮಾತ್ರ ಓದುಗರಿಗೆ ಸಂಖ್ಯೆ ಕಾಣುತ್ತದೆ. ಡೇಟಾಬೇಸಿನಲ್ಲಿ ಅದನ್ನು ತೆಗೆದು ಮತ್ತೆ ಇಳಿಸಿಕೊಳ್ಳಿ.

ಮೂರನೆಯದು ಕೆಟ್ಟದ್ದೇ ಅಲ್ಲ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿ ಬರೆದದ್ದು ಅದು. ‘ಕನ್ನಡ’ ಎನ್ನುವ ಪದ ಆಗ ದೊಡ್ಡ ‘ಪಿ’, ಓರೆಗೆರೆಯ ದೊಡ್ಡ ‘ಎ’, ಪೌಂಡ್ ಚಿಹ್ನೆ ಹೀಗೆ ಶುರುವಾಗುತ್ತದೆ. ಇಲ್ಲಿ ‘ಎ’ ದೊಡ್ಡದು, ಪುಟ್ಟ 2-3ರ ಜೋಡಿ ಇಲ್ಲ. ಮೊದಲನೆಯ ಬಗೆಗೂ ಇದಕ್ಕೂ ಕಣ್ಣಿಗೆ ಬೀಳುವ ವ್ಯತ್ಯಾಸ ಇಷ್ಟೇ. ಈ ಬರಹಗಳಿಗೆ ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕ ಬೇಕು. ಒಳ್ಳೆಯ ಪರಿವರ್ತಕವೋ ಅಲ್ಲವೋ ನೋಡಲು ‘ಕರ್ನಾಟಕ’ ಎಂಬ ಒಂದೇ ಪದ ಸಾಕು. ಆಸ್ಕಿ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ‘ನಾ’ ಆದ ಮೇಲೆ ಕೂತಿರುತ್ತದೆ. ಯುನಿಕೋಡಿನಲ್ಲಿ ‘ರ’ ಮತ್ತು ವಿರಾಮ ಚಿಹ್ನೆ (ಅಕ್ಷರವನ್ನು ಅರ್ಧ ಮಾಡುವ ‘್’, ಹಲಂತ) ‘ನಾ’ಗಿಂತ ಮೊದಲು ಬರಬೇಕು. ಅಕ್ಷರಕ್ಕೆ ಅಕ್ಷರ ಬದಲಿಸುವ ಬಡಪಾಯಿ ಸ್ಕ್ರಿಪ್ಟು ಇಲ್ಲೇ ಎಡವುತ್ತದೆ.

ನಾಲ್ಕನೆಯದು ಬರೀ ಪ್ರಶ್ನೆ ಚಿಹ್ನೆಗಳು. ಅಕ್ಷರವೆಷ್ಟೋ ಅಷ್ಟು ಪ್ರಶ್ನೆ ಚಿಹ್ನೆ. ಇದನ್ನು ಕಂಡರೆ ಡೇಟಾಬೇಸಿಗೇ ಹೋಗಿ ನೋಡಬೇಕು.

ನೋಡುವ ಬಗೆ ಹೀಗೆ. ‘ಕ’ದಿಂದ ಶುರುವಾಗುವ ಒಂದು ಬರಹ ಆರಿಸಿ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹೆಕ್ಸ್ ಫಂಕ್ಷನ್ ಬಳಸಿ ಆ ಅಂಕಣದ ಬೈಟುಗಳನ್ನೇ ತೆಗೆಸಿ. ಇ0 ಬಿ2 95 ಬಂದರೆ ಬೈಟು ಸರಿಯಿದೆ, ಅಂಕಣದ ಮೇಲಿನ ಹಣೆಪಟ್ಟಿ ಮಾತ್ರ ತಪ್ಪಿರಬಹುದು. ಸಿ3 ಎ0 ಸಿ2 ಬಿ2 ಇ2 80 ಎ2 ಬಂದರೆ ಒಂದೇ ಅಕ್ಷರವನ್ನು ಎರಡು ಸಲ ಯುಟಿಎಫ್-8 ಮಾಡಲಾಗಿದೆ. 3ಎಫ್ 3ಎಫ್ ಎಂದು ಬಂದರೆ ಅವು ನಿಜವಾದ ಪ್ರಶ್ನೆ ಚಿಹ್ನೆಗಳೇ. ಕನ್ನಡ ಅಲ್ಲಿಂದ ಹೋಗಿದೆ, ಹಳೆಯ ಬ್ಯಾಕಪ್ ಬಿಟ್ಟು ಬೇರೆ ದಾರಿಯಿಲ್ಲ. ಪ್ರಶ್ನೆ ಚಿಹ್ನೆಯ ಫೋರಂ ಒಂದನ್ನು ಸರಿಮಾಡಿಕೊಡುವ ಸ್ಕ್ರಿಪ್ಟು ತಮ್ಮಲ್ಲಿದೆ ಎಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿ.

ಡೇಟಾಬೇಸಿನಲ್ಲಿ ಬೈಟು ಸರಿಯಿದ್ದು ಫೋರಂ ಪುಟದಲ್ಲೇ ಓರೆಗೆರೆಯ ‘ಎ’ ಕಾಣುತ್ತಿದ್ದರೆ, ಅದು ಹೆಚ್ಚಾಗಿ ಹೊಸ ಸರ್ವರಿಗೆ ಸಾಗಿಸಿದ ಮೇಲೆ ಶುರುವಾಗಿರುತ್ತದೆ. ಹಳೆಯ ಮೈಎಸ್‌ಕ್ಯೂಎಲ್ ತಾನಾಗಿ ಹಿಡಿಯುತ್ತಿದ್ದ ಕೋಷ್ಟಕ ಲ್ಯಾಟಿನ್-1. ಅಂಕಣವೂ ಲ್ಯಾಟಿನ್-1, ಸಂಪರ್ಕವೂ ಲ್ಯಾಟಿನ್-1. ಒಳಗೆ ಹೋದ ಬೈಟು ಹಾಗೇ ಹೊರಗೆ ಬರುತ್ತಿತ್ತು, ಎರಡು ತಪ್ಪು ಸೇರಿ ಕನ್ನಡ ಸರಿಯಾಗಿ ಕಾಣುತ್ತಿತ್ತು. 2018ರ ಮೈಎಸ್‌ಕ್ಯೂಎಲ್ 8.0 ತಾನಾಗಿ ಹಿಡಿಯುವುದು ಯುಟಿಎಫ್8ಎಂಬಿ4, ಅಂದರೆ ನಾಲ್ಕು ಬೈಟಿನವರೆಗಿನ ಪೂರ್ತಿ ಯುಟಿಎಫ್-8. ಈಗ ಸಂಪರ್ಕ ಮಾತ್ರ ಸರಿಯಾಯಿತು, ಅಂಕಣ ಹಳೆಯದೇ ಉಳಿಯಿತು. ಸರ್ವರ್ ಪಾಪ ಲ್ಯಾಟಿನ್-1 ಎಂದು ನಂಬಿ ಪ್ರತಿ ಬೈಟನ್ನೂ ಬದಲಿಸಿ ಕೊಡುತ್ತದೆ. ಇದಕ್ಕೆ ಅಂಕಣವನ್ನು ಮೊದಲು ಬ್ಲಾಬ್ (ಅಕ್ಷರ ಕೋಷ್ಟಕವಿಲ್ಲದ ಬರೀ ಬೈಟುಗಳ ಬಗೆ) ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಟೆಕ್ಸ್ಟ್ ಮಾಡಿ. ನಡುವೆ ಬ್ಲಾಬ್ ಇರುವುದರಿಂದ ಬೈಟುಗಳಿಗೆ ಯಾರೂ ಕೈ ಹಚ್ಚುವುದಿಲ್ಲ. ನೇರವಾಗಿ ಟೆಕ್ಸ್ಟಿನಿಂದ ಟೆಕ್ಸ್ಟಿಗೆ ಬದಲಿಸಿದರೆ ಎರಡು ಸಲ ಯುಟಿಎಫ್-8 ಆದ ರೋಗವನ್ನು ನೀವೇ ತಂದುಕೊಂಡಂತೆ.

ಇನ್ನೊಂದು ಸಾಧ್ಯತೆ: ಉಳಿಸಿದ ಫೈಲನ್ನು ಕಂಪ್ಯೂಟರಿನಲ್ಲೇ ತೆರೆದರೆ ಕನ್ನಡ ಚೆನ್ನಾಗಿ ಕಾಣುತ್ತದೆ, ಸರ್ವರಿನ ಮೂಲಕ ಬಂದರೆ ಕೆಡುತ್ತದೆ. ಇದು ನಾಲ್ಕನೆಯ ನಿಲ್ದಾಣದ ದೋಷ. ಮೊದಲು ಪಿಎಚ್‌ಪಿ ತನ್ನ ಪುಟದ ಜೊತೆ ಯುಟಿಎಫ್-8 ಎಂಬ ಹೆಡರನ್ನು (ಪುಟಕ್ಕೂ ಮುಂದಾಗಿ ಹೋಗುವ ಮಾಹಿತಿ ಸಾಲು) ತಾನೇ ಕಳಿಸುತ್ತಿತ್ತು. ಈಗ ಬರೀ ಫೈಲು. ಅಪಾಚೆ ಸರ್ವರಿನ ‘ಆ್ಯಡ್-ಡಿಫಾಲ್ಟ್-ಕ್ಯಾರ್‌ಸೆಟ್’ ಲ್ಯಾಟಿನ್-1 ಎಂದಿದ್ದರೆ ಅದೇ ಹೋಗುತ್ತದೆ. ಪುಟದೊಳಗಿನ ಮೆಟಾ ಟ್ಯಾಗ್ ಏನೇ ಹೇಳಲಿ, ಬ್ರೌಸರ್ ಕೇಳುವುದು ಹೆಡರಿನ ಮಾತನ್ನು. ಕರ್ಲ್ ಕಮಾಂಡಿನಿಂದ ಹೆಡರ್ ಮಾತ್ರ ತರಿಸಿ ನೋಡಿ, ಒಂದು ಸಾಲು ಬದಲಿಸಿದರೆ ಮುಗಿಯಿತು.

ರಿಪೇರಿ ಆಯಿತು, ಆದರೆ ಒತ್ತಕ್ಷರ ಮತ್ತು ಕೊಂಬು ಮಾತ್ರ ಕಾಣೆ

ಇದನ್ನು ಬೇರೆ ಭಾಷೆಯವರ ಕೈಪಿಡಿಗಳು ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎರಡು ಸಲ ಯುಟಿಎಫ್-8 ಆದದ್ದನ್ನು ಬಿಚ್ಚಲು ಪೈಥಾನ್ ಸ್ಕ್ರಿಪ್ಟು ಓಡಿಸುತ್ತೀರಿ. ಅಲ್ಲಲ್ಲಿ ದೋಷ ತೋರಿಸಿ ನಿಲ್ಲುತ್ತದೆ. ದೋಷ ಬಂದ ಬೈಟನ್ನು ಬಿಟ್ಟು ಮುಂದೆ ಹೋಗು ಎನ್ನುವ ‘ಇಗ್ನೋರ್’ ಸೇರಿಸುತ್ತೀರಿ. ಈಗ ಪೂರ್ತಿ ಓಡುತ್ತದೆ. ಪುಟ ತೆರೆದರೆ ‘ಕನ್ನಡ’ ಇದ್ದಲ್ಲಿ ‘ಕನನಡ’, ‘ಊರು’ ಇದ್ದಲ್ಲಿ ‘ಊರ’. ಉಳಿದ ಅಕ್ಷರವೆಲ್ಲ ಅಚ್ಚುಕಟ್ಟು.

ವಿಂಡೋಸ್-1252 ಕೋಷ್ಟಕದಲ್ಲಿ ಐದು ಖಾಲಿ ಮನೆಗಳಿವೆ: 81, 8ಡಿ, 8ಎಫ್, 90, 9ಡಿ. ಆ ಐದಕ್ಕೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ನಮ್ಮ ದುರದೃಷ್ಟಕ್ಕೆ, ಎಲ್ಲ ಒತ್ತಕ್ಷರಕ್ಕೂ ಬೇಕಾದ ವಿರಾಮ ಚಿಹ್ನೆಯ ಬೈಟುಗಳು ಇ0 ಬಿ3 8ಡಿ. ಕೊಂಬಿನವು ಇ0 ಬಿ3 81. ಜೊತೆಗೆ ‘ಏ’, ‘ಐ’, ‘ಝ’ಗಳ ಮೂರನೆಯ ಬೈಟು ಕ್ರಮವಾಗಿ 8ಎಫ್, 90, 9ಡಿ. ಪೈಥಾನಿನ ಸಿಪಿ1252 ನಿಯಮ ಕಟ್ಟುನಿಟ್ಟು, ಖಾಲಿ ಮನೆಗೆ ಬಂದದ್ದನ್ನು ಒಪ್ಪುವುದಿಲ್ಲ. ಮೈಎಸ್‌ಕ್ಯೂಎಲ್ ಲ್ಯಾಟಿನ್-1 ಎಂದು ಕರೆಯುವುದು ನಿಜದಲ್ಲಿ ಇದೇ ವಿಂಡೋಸ್-1252; ಆದರೆ ಅದು ಆ ಐದು ಮನೆಗಳನ್ನು ಅದೇ ಸಂಖ್ಯೆಯ ನಿಯಂತ್ರಣ ಸಂಕೇತಗಳಿಗೆ ಬಿಟ್ಟುಕೊಡುತ್ತದೆ. ಕೆಡಿಸಿದ ಕೈಯೇ ರಿಪೇರಿಗೂ ಸರಿ: ಮೈಎಸ್‌ಕ್ಯೂಎಲ್‌ನೊಳಗೇ ಅಂಕಣವನ್ನು ಲ್ಯಾಟಿನ್-1ಕ್ಕೆ ಕನ್ವರ್ಟ್ ಮಾಡಿ, ಬೈನರಿಗೆ ಕಾಸ್ಟ್ ಮಾಡಿ, ಮತ್ತೆ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಿದರೆ ಒಂದು ಕೊಂಬೂ ಬೀಳುವುದಿಲ್ಲ. ಪೈಥಾನೇ ಬೇಕೆಂದರೆ ಎಫ್‌ಟಿಎಫ್‌ವೈ ಎಂಬ ಲೈಬ್ರರಿಯಲ್ಲಿ ‘ಸ್ಲಾಪಿ-ವಿಂಡೋಸ್-1252’ ಎಂಬ ಸಡಿಲ ನಿಯಮವಿದೆ, ಅದನ್ನು ಬಳಸಿ. ‘ಇಗ್ನೋರ್’ ಮಾತ್ರ ಎಲ್ಲೂ ಬಳಸಬೇಡಿ. ದೋಷ ತೋರಿಸಿ ನಿಲ್ಲುವ ಸ್ಕ್ರಿಪ್ಟು ಒಳ್ಳೆಯದು, ಕದ್ದು ತಿನ್ನುವುದು ಅಪಾಯ.

ಕೆಟ್ಟ ಪಠ್ಯವನ್ನು ಯಾರಾದರೂ ಕಾಪಿ-ಪೇಸ್ಟ್ ಮಾಡಿ ಸರಿಪಡಿಸಲು ಹೋಗಿದ್ದರೆ ಇನ್ನೆರಡು ಅಕ್ಷರ ಬೀಳುತ್ತವೆ. ‘ಠ’ದ ಕೊನೆಯ ಬೈಟು ಎ0, ಆ ಕೋಷ್ಟಕದಲ್ಲಿ ಅದು ಮುರಿಯದ ಖಾಲಿ ಜಾಗ, ಎಡಿಟರುಗಳು ಅದನ್ನು ಸಾಮಾನ್ಯ ಖಾಲಿ ಜಾಗ ಮಾಡಿಬಿಡುತ್ತವೆ. ‘ಭ’ದ ಕೊನೆಯ ಬೈಟು ಎಡಿ, ಕಣ್ಣಿಗೆ ಕಾಣದ ಸಾಫ್ಟ್ ಹೈಫನ್, ಅದು ಹೇಳದೆ ಕೇಳದೆ ಮಾಯವಾಗುತ್ತದೆ. ‘ಪಾಠ’, ‘ಭಾಷೆ’ ಎಂಬ ಪದಗಳು ಬಂದೆಡೆಯೆಲ್ಲ ಪುಟ ಮುರಿದಿದ್ದರೆ ಕಾರಣ ಇದು. ಡೇಟಾಬೇಸಿನಿಂದ ಹೊಸದಾಗಿ ತೆಗೆಯಿರಿ, ಆ ಪ್ರತಿಯನ್ನು ಬಿಸಾಡಿ.

ರಿಪೇರಿಯನ್ನು ಎಲ್ಲ ಸಾಲುಗಳ ಮೇಲೂ ಒಟ್ಟಿಗೆ ಓಡಿಸಬೇಡಿ. ಒಂದೇ ಫೋರಂನಲ್ಲಿ 2004ರ ನುಡಿ ಬರಹ, 2006ರ ಸಂಖ್ಯೆ ಬರಹ, 2009ರ ಸರಿಯಾದ ಯುನಿಕೋಡ್ ಮೂರೂ ಇರುವುದುಂಟು. ಬೈಟುಗಳಲ್ಲಿ ಸಿ3 ಎ0 ಸಿ2 ಬಿ2 ಅಥವಾ ಸಿ3 ಎ0 ಸಿ2 ಬಿ3 ಎಂಬ ಜೋಡಣೆ ಇರುವ ಸಾಲುಗಳನ್ನು ಮಾತ್ರ ಆರಿಸಿ ಬಿಚ್ಚಿ.

ಕೆಲವು ಕನ್ನಡ ವಿಳಾಸಗಳು ಮಾತ್ರ 404 (ಪುಟ ಸಿಗಲಿಲ್ಲ)

ಪಿಎಚ್‌ಪಿಬಿಬಿ ವಿಳಾಸಗಳಲ್ಲಿ ತಾನಾಗಿ ಕನ್ನಡ ಇರುವುದಿಲ್ಲ. ಶೀರ್ಷಿಕೆಯನ್ನೇ ವಿಳಾಸಕ್ಕೆ ಸೇರಿಸುವ ಮಾಡ್ (ಹೆಚ್ಚುವರಿ ಜೋಡಣೆ) ಹಾಕಿಕೊಂಡಿದ್ದರೆ, ಅಥವಾ ಬೇರೆ ತಂತ್ರಾಂಶವಾದರೆ ಇದನ್ನು ಓದಿ.

ಫೋಲ್ಡರಿನಲ್ಲಿ ಫೈಲಿನ ಹೆಸರುಗಳನ್ನು ನೋಡಿ. ಅರ್ಧ ಕನ್ನಡ, ಅರ್ಧ %95, %8ಡಿ ಎಂಬಂಥ ಚೂರುಗಳಿದ್ದರೆ ತಪ್ಪು ವಿಗೆಟ್‌ನದು. ಯುನಿಕ್ಸ್ ಮಾದರಿಯಲ್ಲಿ ಅದು 0ರಿಂದ 31 ಮತ್ತು 128ರಿಂದ 159ರ ವರೆಗಿನ ಬೈಟುಗಳನ್ನು ನಿಯಂತ್ರಣ ಸಂಕೇತವೆಂದು ತಿಳಿದು % ರೂಪಕ್ಕೆ ಬದಲಿಸುತ್ತದೆ. ಕನ್ನಡದ ಮೂರನೆಯ ಬೈಟು ಆ ವ್ಯಾಪ್ತಿಯೊಳಗೆ ಬಿದ್ದರೆ ಅಕ್ಷರ ಮುರಿಯುತ್ತದೆ, ಹೊರಗಿದ್ದರೆ ಬದುಕುತ್ತದೆ. ‘ಕರ್ನಾಟಕ’ದಲ್ಲಿ ಎರಡು ‘ಕ’, ‘ಟ’, ವಿರಾಮ ಚಿಹ್ನೆ ಮುರಿಯುತ್ತವೆ. ‘ರ’, ‘ನ’ ಮತ್ತು ದೀರ್ಘ ಉಳಿಯುತ್ತವೆ. ‘ರಿಸ್ಟ್ರಿಕ್ಟ್-ಫೈಲ್-ನೇಮ್ಸ್’ ಆಯ್ಕೆಗೆ ‘ನೋಕಂಟ್ರೋಲ್’ ಎಂದು ಕೊಟ್ಟು ಮತ್ತೆ ಇಳಿಸಿ.

ಹೆಸರುಗಳೆಲ್ಲ ಚೆನ್ನಾಗಿ ಕಂಡರೂ ‘ಗಾದೆಗಳು’ ತೆರೆಯುತ್ತದೆ, ‘ಕೋಲಾಟ’ ತೆರೆಯುವುದಿಲ್ಲ ಎಂದಾದರೆ, ಫೈಲುಗಳು ನಡುವೆ ಎಲ್ಲೋ ಹಳೆಯ ಮ್ಯಾಕ್ ಒಂದರ ಮೂಲಕ ಹಾದು ಬಂದಿವೆ. ಆ ಕಾಲದ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ‘ೋ’ ಚಿಹ್ನೆ ಯುನಿಕೋಡಿನಲ್ಲಿ ಒಂದೇ ಸಂಕೇತವೂ ಆಗಬಹುದು, ಎತ್ವ, ಕೊಂಬಿನ ಇಳಿ ಮತ್ತು ದೀರ್ಘದ ಗುರುತು ಸೇರಿದ ಮೂರು ಸಂಕೇತವೂ ಆಗಬಹುದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್ ಸರ್ವರಿಗೆ ಎರಡು ಬೇರೆ ಬೇರೆ ಹೆಸರು. ೀ, ೇ, ೈ, ೊ, ೋ ಈ ಐದು ಇರುವ ಹೆಸರುಗಳು ಮಾತ್ರ ಸೋಲುತ್ತಿದ್ದರೆ ಅನುಮಾನವೇ ಬೇಡ. ಸರ್ವರಿನಲ್ಲಿ ಕಾನ್ವ್‌ಎಂವಿ ಎಂಬ ಉಪಕರಣವನ್ನು ‘ಎನ್‌ಎಫ್‌ಸಿ’ ಆಯ್ಕೆಯೊಂದಿಗೆ ಓಡಿಸಿದರೆ ಹೆಸರುಗಳು ಮತ್ತೆ ಕೂಡಿಕೊಳ್ಳುತ್ತವೆ.

ಉದ್ದ ಶೀರ್ಷಿಕೆಗಳು ಮಾತ್ರ ಕಾಣೆಯಾದರೆ ಲೆಕ್ಕ ಹಾಕಿ. ಲಿನಕ್ಸಿನ ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟು. ‘ಸ್ತ್ರೀ’ ನಮಗೆ ಒಂದಕ್ಷರ, ಯುನಿಕೋಡಿಗೆ ಆರು ಸಂಕೇತ, ಡಿಸ್ಕಿಗೆ 18 ಬೈಟು. % ರೂಪದಲ್ಲಿ ಉಳಿಸಿದರೆ 54. ಈ ರೂಪದಲ್ಲಿ 28 ಸಂಕೇತಕ್ಕೇ ಹೆಸರು ತುಂಬಿಹೋಗುತ್ತದೆ. ಹೆಸರಿನ ತಂಟೆ ಬಿಟ್ಟು ವಿಷಯದ ಸಂಖ್ಯೆಯನ್ನೇ ವಿಳಾಸ ಮಾಡಿಕೊಳ್ಳುವುದು ಜಾಣತನ.

ಇಳಿಸುವುದು ಮುಗಿಯುವುದೇ ಇಲ್ಲ

ಐದು ಸಾವಿರ ವಿಷಯಗಳ ಫೋರಂ, ಇಳಿದ ಫೈಲುಗಳು ನಾಲ್ಕು ಲಕ್ಷ ದಾಟಿವೆ, ಇನ್ನೂ ಓಡುತ್ತಿದೆ. ಫೈಲಿನ ಹೆಸರುಗಳಲ್ಲಿ ‘ಎಸ್‌ಐಡಿ=’ ಎಂಬ ಉದ್ದನೆಯ ಬಾಲ ಇದೆಯೇ ನೋಡಿ. ಕುಕಿ ಇನ್ನೂ ಖಚಿತವಾಗದ ಅತಿಥಿಗೆ ಪಿಎಚ್‌ಪಿಬಿಬಿ ಪ್ರತಿ ಕೊಂಡಿಗೂ ಒಂದು ಸೆಷನ್ ಗುರುತು ಅಂಟಿಸುತ್ತದೆ. ಒಂದೇ ಪುಟ ಬಾಲ ಇದ್ದೂ ಇಲ್ಲದೆಯೂ ಮತ್ತೆ ಮತ್ತೆ ಇಳಿಯುತ್ತದೆ. ಬಾಲ ಇರುವುದನ್ನೆಲ್ಲ ಬಿಡು ಎಂದು ಹೇಳಿದರೆ ಮುಖಪುಟದ ಎಲ್ಲ ಕೊಂಡಿಗೂ ಬಾಲ ಇರುವುದರಿಂದ ಒಂದು ಪುಟ ಇಳಿದು ಕೆಲಸ ಮುಗಿದುಬಿಡುತ್ತದೆ!

ಪರಿಹಾರ ಫೋರಂನ ಆಡಳಿತ ಫಲಕದಲ್ಲೇ ಇದೆ. ಹುಡುಕುಯಂತ್ರಗಳ ಬಾಟ್‌ಗಳಿಗೆ ಪಿಎಚ್‌ಪಿಬಿಬಿ 3 ಸೆಷನ್ ಗುರುತು ಅಂಟಿಸುವುದಿಲ್ಲ, ಯೂಸರ್-ಏಜೆಂಟ್ ಹೆಸರು ನೋಡಿ ಅವುಗಳನ್ನು ಗುರುತಿಸುತ್ತದೆ. ಸ್ಪೈಡರ್-ರೋಬಾಟ್ ಪಟ್ಟಿಗೆ ನಿಮ್ಮದೇ ಒಂದು ಹೊಸ ಹೆಸರು ಸೇರಿಸಿ, ವಿಗೆಟ್‌ಗೂ ಅದೇ ಹೆಸರು ಕೊಡಿ. ಬಾಲ ಹೋಗುತ್ತದೆ, ಲಾಗಿನ್ ಮತ್ತು ಉತ್ತರಿಸು ಗುಂಡಿಗಳೂ ಬಹುಪಾಲು ತಾವಾಗಿ ಮಾಯವಾಗುತ್ತವೆ.

ಆಮೇಲೂ ಸಂಖ್ಯೆ ವಿಪರೀತ ಇದ್ದರೆ ‘ಪಿ=’ ಇರುವ ಕೊಂಡಿಗಳೇ ಕಾರಣ. ಪ್ರತಿ ಉತ್ತರಕ್ಕೂ ತನ್ನದೇ ವಿಳಾಸವಿದೆ, ಒತ್ತಿದರೆ ಬರುವುದು ಅದೇ ವಿಷಯದ ಪೂರ್ತಿ ಪುಟ. ಹತ್ತು ಉತ್ತರದ ಪುಟ ಹನ್ನೊಂದು ಸಲ ಇಳಿಯುತ್ತದೆ. ಅವನ್ನೂ, ಹುಡುಕಾಟ, ಸದಸ್ಯರ ಪಟ್ಟಿ, ಹೊಸ ಬರಹ ಪುಟಗಳನ್ನೂ ‘ರಿಜೆಕ್ಟ್-ರೆಜೆಕ್ಸ್’ನಿಂದ ತಡೆಯಿರಿ. ಬರೀ ‘ರಿಜೆಕ್ಟ್’ ಇಲ್ಲಿ ಕೆಲಸಕ್ಕೆ ಬಾರದು, ಅದು ಪ್ರಶ್ನೆ ಚಿಹ್ನೆಯ ನಂತರದ ಭಾಗವನ್ನು ನೋಡುವುದೇ ಇಲ್ಲ. ‘ರೆಜೆಕ್ಸ್’ ಬಂದದ್ದು 2012ರ ವಿಗೆಟ್ 1.14ರಲ್ಲಿ.

ಒಂದು ಎಚ್ಚರಿಕೆ. ಅಡ್ಮಿನ್ ಆಗಿ ಲಾಗಿನ್ ಆಗಿ ಇಳಿಸಲು ಹೋಗಬೇಡಿ. ವಿಗೆಟ್‌ಗೆ ಕೊಂಡಿ ಕಂಡರೆ ಒತ್ತುವುದಷ್ಟೇ ಗೊತ್ತು, ಅದು ಲಾಗೌಟ್ ಆಗಿರಲಿ ಅಳಿಸುವ ಕೊಂಡಿಯಾಗಿರಲಿ. ಅಲ್ಲದೆ ಅತಿಥಿಗೆ ಕಾಣದ್ದನ್ನು ಎಲ್ಲರಿಗೂ ಕಾಣುವಂತೆ ಇಡಲು ನಮಗೇನು ಹಕ್ಕು?

ಹೊರಗಿನಿಂದ ಬರುವ ಹಳೆಯ ಕೊಂಡಿಗಳು ಒಡೆದಿವೆ

ಫೈಲಿನ ಹೆಸರಿನಲ್ಲೇ ? ಇದ್ದರೆ ಬ್ರೌಸರ್ ಅದರ ನಂತರದ್ದನ್ನು ಹೆಸರೆಂದು ತಿಳಿಯುವುದಿಲ್ಲ. ಒಳಗಿನ ಕೊಂಡಿಗಳಲ್ಲಿ ವಿಗೆಟ್ ಅದನ್ನು %3ಎಫ್ ಮಾಡಿ ಕೆಲಸ ನಡೆಸುತ್ತದೆ. ಹದಿನೈದು ವರ್ಷದಿಂದ ಬೇರೆಯವರು ತಮ್ಮ ಬರಹಗಳಲ್ಲಿ ಕೊಟ್ಟ ಕೊಂಡಿಗಳನ್ನು ಬದಲಿಸುವವರು ಯಾರು? ‘ರಿಸ್ಟ್ರಿಕ್ಟ್-ಫೈಲ್-ನೇಮ್ಸ್’ಗೆ ‘ವಿಂಡೋಸ್’ ಎಂದೂ ಸೇರಿಸಿದರೆ ? ಜಾಗದಲ್ಲಿ @ ಬರುತ್ತದೆ. ಎಂಜಿನ್ಎಕ್ಸ್ ಸರ್ವರಾದರೆ ಕೋರಿಕೆಯ ‘ಟಿ’ (ವಿಷಯದ ಸಂಖ್ಯೆ) ಮತ್ತು ‘ಸ್ಟಾರ್ಟ್’ (ಎಷ್ಟನೆಯ ಉತ್ತರದಿಂದ) ಮೌಲ್ಯ ತೆಗೆದುಕೊಂಡು ಸರಿಯಾದ ಫೈಲಿಗೆ ಕಳಿಸುವ ನಿಯಮ ಬರೆಯಬಹುದು. ಗಿಟ್‌ಹಬ್ ಪೇಜಸ್‌ನಂಥ ಕಡೆ ಆ ಸೌಲಭ್ಯವಿಲ್ಲ; ಹಳೆಯ ಪುಟದ ಹೆಸರಿನಲ್ಲಿ ಒಂದು ಸಣ್ಣ ಜಾವಾಸ್ಕ್ರಿಪ್ಟ್ ಪುಟ ಇಟ್ಟು ಅದು ವಿಳಾಸ ಓದಿ ದಾರಿ ತೋರಿಸುವಂತೆ ಮಾಡಬೇಕು. ಅಲ್ಲಿ ತಾಣದ ಗಾತ್ರ 1 ಜಿಬಿ ಮೀರಬಾರದು ಎನ್ನುವುದೂ ನೆನಪಿರಲಿ. ಅಂಡರ್‌ಸ್ಕೋರಿನಿಂದ ಶುರುವಾಗುವ ಫೋಲ್ಡರುಗಳು ಕಾಣದಿದ್ದರೆ ‘ಡಾಟ್-ನೋಜೆಕಿಲ್’ ಎಂಬ ಖಾಲಿ ಫೈಲು ಇಡಿ.

‘ಪಿ=’ ಕೊಂಡಿಗಳಿಗೆ ಯಾವ ಉತ್ತರ ಯಾವ ವಿಷಯದ ಎಷ್ಟನೆಯ ಪುಟದಲ್ಲಿದೆ ಎಂಬ ಪಟ್ಟಿ ಬೇಕು. ಅದನ್ನು ಡೇಟಾಬೇಸಿನಿಂದ ತೆಗೆಯುವುದು ಒಂದು ಕ್ವೆರಿಯ ಕೆಲಸ, ಡೇಟಾಬೇಸ್ ಇರುವಾಗ.

ಲಗತ್ತಿಸಿದ ಚಿತ್ರಗಳು ತೆರೆಯುತ್ತಿಲ್ಲ

ಉಳಿಸಿದ ಲಗತ್ತುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿದ್ದರೆ ಅವು ಚಿತ್ರಗಳಲ್ಲ. ಲಿನಕ್ಸಿನ ‘ಫೈಲ್’ ಕಮಾಂಡ್ ಕೊಟ್ಟು ಕೇಳಿದರೆ ಎಚ್‌ಟಿಎಂಎಲ್ ಎನ್ನುತ್ತದೆ. ಒಳಗಿರುವುದು ‘ಲಾಗಿನ್ ಆಗಿ’ ಎನ್ನುವ ಪುಟ. ಬಾಟ್ ಗುಂಪಿಗೆ ಲಗತ್ತು ಇಳಿಸಿಕೊಳ್ಳುವ ಅನುಮತಿ ಕೊಟ್ಟು ಮತ್ತೆ ಓಡಿಸಿ. ಗಾತ್ರ ಸರಿಯಿದ್ದೂ ತೆರೆಯದಿದ್ದರೆ ಹೆಸರಿನ ಕೊನೆಗೆ ‘ಡಾಟ್-ಜೆಪಿಜಿ’ಯಂಥ ಗುರುತಿಲ್ಲ, ಸರ್ವರಿಗೆ ಅದು ಜೆಪೆಗ್ ಎಂದು ಗೊತ್ತಿಲ್ಲ. ಲಗತ್ತುಗಳ ಕೋಷ್ಟಕದಲ್ಲಿ ಡಿಸ್ಕಿನ ಹೆಸರು, ಮೂಲ ಹೆಸರು, ಮೈಮ್ ಬಗೆ (ಫೈಲು ಯಾವ ಜಾತಿಯದು ಎಂಬ ಗುರುತು) ಮೂರೂ ಇವೆ, ಅದನ್ನು ನೋಡಿ ಹೆಸರಿಡಿ.

ಬೇರೆ ತಾಣಗಳಲ್ಲಿದ್ದ ಚಿತ್ರಗಳ ಕಥೆ ಬೇರೆ. ಫೋಟೋಬಕೆಟ್ 2017ರಲ್ಲಿ ಹೊರಗಿನ ಪುಟಗಳಿಗೆ ಚಿತ್ರ ಬಡಿಸಲು ವರ್ಷಕ್ಕೆ 399 ಡಾಲರ್ ಕೇಳಿದಾಗ ಲೋಕದ ಫೋರಂಗಳಲ್ಲೆಲ್ಲ ಚಿತ್ರಗಳು ಒಂದೇ ಏಟಿಗೆ ಹೋದವು. ಅವು ನಿಮ್ಮ ಪ್ರತಿಯ ದೋಷವಲ್ಲ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಸಿಕ್ಕಿದಷ್ಟು ಸಿಕ್ಕಿತು.

ಕಾಲ ನಿಂತುಹೋದ ಪುಟಗಳು

ಬರಹದ ಮೇಲೆ ‘ನಿನ್ನೆ, ಸಂಜೆ 6:40’ ಎಂದಿದ್ದರೆ ಅದು ಎಂದೆಂದಿಗೂ ನಿನ್ನೆಯೇ. ಪಿಎಚ್‌ಪಿಬಿಬಿ ದಿನಾಂಕದ ಮಾದರಿಯಲ್ಲಿ ಎರಡು ಲಂಬ ಗೆರೆಗಳ ನಡುವೆ ಬರೆದ ಭಾಗ ‘ಇಂದು’, ‘ನಿನ್ನೆ’ ಆಗುತ್ತದೆ. ಇಳಿಸುವ ಮೊದಲು ಆಡಳಿತ ಫಲಕದಲ್ಲಿ ಆ ಗೆರೆಗಳನ್ನು ತೆಗೆಯಿರಿ. ಈಗ ಯಾರು ಆನ್‌ಲೈನ್, ಯಾರ ಹುಟ್ಟುಹಬ್ಬ, ಹುಡುಕು ಪೆಟ್ಟಿಗೆ ಇವನ್ನೆಲ್ಲ ಟೆಂಪ್ಲೇಟಿನಲ್ಲೇ ಕಿತ್ತುಹಾಕಿ. ಬರಹ ಎಮೋಜಿ ಬಂದಲ್ಲಿಗೇ ತುಂಡಾಗಿದ್ದರೆ ಮೂರು ಬೈಟಿಗಷ್ಟೇ ಜಾಗವಿದ್ದ ಹಳೆಯ ಯುಟಿಎಫ್8 ಅಂಕಣ ಅದನ್ನು ನುಂಗಿದೆ, ವಾಪಸ್ ಬರುವುದಿಲ್ಲ. ಕನ್ನಡಕ್ಕೆ ಮೂರು ಬೈಟು ಸಾಕು, ಹಾಗಾಗಿ ಅದು ಉಳಿದಿದೆ.

ಎಲ್ಲವೂ ಬಂದಿದೆ ಎಂದು ತಿಳಿಯುವುದು ಹೇಗೆ?

ಕಣ್ಣಳತೆ ಸಾಲದು. ಡೇಟಾಬೇಸಿನಲ್ಲಿ ಅತಿಥಿಗೆ ಕಾಣುವ ವಿಭಾಗಗಳ, ಅನುಮೋದನೆಯಾದ ಉತ್ತರಗಳು ಎಷ್ಟು ಎಂದು ಎಣಿಸಿ. ಪಿಎಚ್‌ಪಿಬಿಬಿ 3ರ ಪ್ರೋಸಿಲ್ವರ್ ಶೈಲಿಯಲ್ಲಿ ಪ್ರತಿ ಉತ್ತರದ ಡಿವ್ ಟ್ಯಾಗಿಗೂ ‘ಪಿ’ ಮತ್ತು ಸಂಖ್ಯೆ ಸೇರಿದ ಐಡಿ ಇರುತ್ತದೆ. ಉಳಿಸಿದ ಫೈಲುಗಳಿಂದ ಆ ಐಡಿಗಳನ್ನು ಗ್ರೆಪ್ ಕಮಾಂಡಿನಿಂದ ಹುಡುಕಿ ತೆಗೆದು, ಪುನರಾವರ್ತನೆ ತೆಗೆದು ಎಣಿಸಿ. ಎರಡೂ ಸಂಖ್ಯೆ ಒಂದೇ ಆಗಬೇಕು. ಕಡಿಮೆಯಾದರೆ ಎರಡು ಪಟ್ಟಿಗಳನ್ನೂ ಹೋಲಿಸಿ, ಕಾಣೆಯಾದವು ಯಾವ ವಿಷಯದವು ನೋಡಿ. ಒಂದೇ ವಿಭಾಗದವಾದರೆ ಅನುಮತಿಯ ತೊಂದರೆ. ಅಲ್ಲಲ್ಲಿ ಚದುರಿದ್ದರೆ ಇಳಿಸುವ ವೇಗಕ್ಕೆ ಸರ್ವರ್ ಸುಸ್ತಾಗಿ ದೋಷದ ಪುಟ ಕೊಟ್ಟಿದೆ. ಹಳೆಯ ತಂತ್ರಾಂಶಗಳು ಅದನ್ನೂ 200 ಎಂಬ ಯಶಸ್ಸಿನ ಸಂಖ್ಯೆಯೊಂದಿಗೇ ಕಳಿಸುವುದರಿಂದ ವಿಗೆಟ್ ಲಾಗಿನಲ್ಲಿ ಏನೂ ಕಾಣುವುದಿಲ್ಲ. ‘ವೇಟ್’ ಆಯ್ಕೆಗೆ ಒಂದೆರಡು ಸೆಕೆಂಡ್ ಕೊಟ್ಟು ಆ ವಿಷಯಗಳನ್ನಷ್ಟೇ ಮತ್ತೆ ತರಿಸಿ.

ಎಣಿಕೆ ಹೊಂದಿದ ಮೇಲೆ, ಹೋಸ್ಟ್ಸ್ ಫೈಲಿನ ಪರೀಕ್ಷೆಯೂ ಪಾಸಾದ ಮೇಲೆ, ಡೇಟಾಬೇಸಿನ ಪೂರ್ತಿ ಡಂಪ್ ತೆಗೆದು ಬೀಗ ಹಾಕಿದ ಕಡೆ ಇಡಿ. ಅದರಲ್ಲಿ ಸದಸ್ಯರ ಇಮೇಲ್, ಐಪಿ ವಿಳಾಸ, ಖಾಸಗಿ ಸಂದೇಶ ಎಲ್ಲ ಇರುತ್ತವೆ, ಸ್ಥಿರ ತಾಣದ ಪಕ್ಕದ ಫೋಲ್ಡರಿನಲ್ಲಿ ಬಿಟ್ಟು ಬರುವ ವಸ್ತುವಲ್ಲ. ಹಳೆಯ ಸರ್ವರ್ ನಿಲ್ಲಿಸುವುದು ಅದಾದ ಮೇಲೆ.